ಬಸ್ಸು, ಬುಸ್ಸು ಮತ್ತು 61 ಅಂಕ

ಇಂಗ್ಲಿಷ್ ಉಚ್ಚಾರಣೆ ತಿದ್ದುವ ಒಂದು ಮೊಬೈಲ್ ಆ್ಯಪ್‌ಗೆ ನಾನು ಎರಡು ವರ್ಷದ ಚಂದಾ ಕಟ್ಟಿದ್ದೇನೆ. ಮೊದಲ ವರ್ಷದ್ದು ತಿಳಿದು ಕಟ್ಟಿದ್ದು, ಎರಡನೆಯದು ತಿಳಿಯದೆ ಕಟ್ಟಿದ್ದು. ಆ ಪುರಾಣ ಆಮೇಲೆ. ಆ್ಯಪ್‌ನ ಹೆಸರು ಹೇಳುವುದಿಲ್ಲ. ಹೊರದೇಶಕ್ಕೆ ಹೊರಟ ನರ್ಸ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಾರಕ್ಕೊಬ್ಬರಾದರೂ ಇಂಥದ್ದನ್ನು ಕೊಳ್ಳಬೇಕೇ ಬೇಡವೇ ಎಂದು ಕೇಳುತ್ತಿರುತ್ತಾರೆ. ಅವರಿಗೆ ತುಂಡು ತುಂಡಾಗಿ ಉತ್ತರ ಬರೆದು ಬೆರಳು ಸೋತಿರುವುದರಿಂದ ಒಂದೇ ಸಲ ಇಲ್ಲಿ ಬರೆದುಬಿಡುತ್ತಿದ್ದೇನೆ.

ನನ್ನ ಊರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್, ಬೆಂಗಳೂರಿನಲ್ಲಿ ಆರು ವರ್ಷದ ಕೆಲಸ. ಈಗ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಲೀಡ್ಸ್ ನಗರದಲ್ಲಿ, ವಯಸ್ಸಾದವರ ವಾರ್ಡಿನಲ್ಲಿದ್ದೇನೆ. ಇಷ್ಟನ್ನು ಹೇಳಲು ಕಾರಣವಿದೆ. ಬೆಂಗಳೂರಿನಲ್ಲೇ ಕುಳಿತು ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೆ. ಲೀಡ್ಸ್‌ಗೆ ಬಂದ ಮೇಲೆ ಎರಡಕ್ಕೆ ಇಳಿದಿದ್ದೇನೆ, ಅದರಲ್ಲೂ ಒಂದು ನಕ್ಷತ್ರ ಒಂದೇ ಒಂದು ಪಾಠಕ್ಕೆ ಸಲ್ಲಬೇಕು.

ಆ್ಯಪ್ ಕೆಲಸ ಮಾಡುವ ಬಗೆ ಸರಳ. ತೆರೆಯ ಮೇಲೆ ಒಂದು ಪದ ಬರುತ್ತದೆ, ಒಂದು ಧ್ವನಿ ಅದನ್ನು ಉಚ್ಚರಿಸುತ್ತದೆ, ನೀವು ಅದರಂತೆ ಹೇಳಬೇಕು. ಹೇಳಿದ ಕೂಡಲೇ ಅಕ್ಷರಗಳು ಹಸಿರು, ಹಳದಿ, ಕೆಂಪು ಬಣ್ಣಕ್ಕೆ ತಿರುಗಿ, ಕೆಳಗೆ ನೂರಕ್ಕೆ ಇಷ್ಟು ಎಂಬ ಅಂಕ ಬೀಳುತ್ತದೆ. ದಿನಕ್ಕೆ 10 ಪದ ಉಚಿತ, ಅದಕ್ಕೂ ಹೆಚ್ಚು ಬೇಕಾದರೆ ವರ್ಷಕ್ಕೆ 4,800 ರೂಪಾಯಿ. ನಾನಿದ್ದ ಪಿ.ಜಿ. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅಂಕ ಏಳೆಂಟು ಕಡಿಮೆ ಬೀಳುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ, ಹೊದಿಕೆಯೊಳಗೆ ಮುಖ ಹುದುಗಿಸಿ ಫೋನಿನೊಂದಿಗೆ ಪಿಸುಗುಟ್ಟುತ್ತಿದ್ದ ನನ್ನನ್ನು ನೋಡಿ ಕೋಣೆಯ ಸಂಗಾತಿ ಏನೇನೋ ಊಹಿಸಿಕೊಂಡಿದ್ದಳು.

ಮೊದಲ ಎಡವಟ್ಟು ನನ್ನದೇ. ಆ್ಯಪ್ ತೆರೆದಾಗ ಅಮೆರಿಕದ ಉಚ್ಚಾರಣೆ ತಾನಾಗಿಯೇ ಆಯ್ಕೆಯಾಗಿರುತ್ತದೆ. ಬ್ರಿಟನ್ನಿನದು ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಮೂರು ಪುಟ ಒಳಗೆ ಹೋಗಿ ಹುಡುಕಬೇಕು. ಅದು ಗೊತ್ತಿಲ್ಲದ ನಾನು ಮೂರು ವಾರ ನಿಷ್ಠೆಯಿಂದ ವಿಟಮಿನ್ ಹೋಗಿ ವೈಟಮಿನ್ ಅಂದೆ, ಹರ್ಬ್ ಎಂಬುದರ ಹಕಾರ ನುಂಗಿ ಅರ್ಬ್ ಅಂದೆ, ವಾಟರ್ ಎಂಬುದನ್ನು ವಾಡರ್ ಮಾಡಿಕೊಂಡೆ. ತೊಂಬತ್ತರ ಮೇಲೆ ಅಂಕ ಬರುತ್ತಿತ್ತು, ಹಿಗ್ಗಿಹೋಗಿದ್ದೆ. ಹೊರದೇಶಕ್ಕೆ ಹೋಗುವ ನರ್ಸ್, ವೈದ್ಯರ ಇಂಗ್ಲಿಷ್ ಅಳೆಯುವ ಒಇಟಿ ಪರೀಕ್ಷೆಗೆ ತರಬೇತಿ ಕೊಡುತ್ತಿದ್ದ ಮೇಡಂ ಒಂದು ದಿನ ಕೇಳಿಸಿಕೊಂಡು, "ನೀವು ಲಂಡನ್ನಿಗೆ ಹೋಗುವವರೋ ಷಿಕಾಗೋಗೆ ಹೋಗುವವರೋ ಮೊದಲು ತೀರ್ಮಾನ ಮಾಡಿಕೊಳ್ಳಿ" ಎಂದರು. ಕಲಿತದ್ದನ್ನು ಮರೆಯಲು ಇನ್ನೂ ಮೂರು ವಾರ ಹಿಡಿಯಿತು.

ಬ್ರಿಟಿಷ್ ಸೆಟ್ಟಿಂಗ್‌ಗೆ ಬಂದ ಮೇಲೆ ನಿಜವಾದ ಜಗಳ ಶುರುವಾಯಿತು. ನನ್ನ ಬಾಯಲ್ಲಿ ಅದಕ್ಕೆ ಹಿಡಿಸದ ಸಂಗತಿಗಳು ಮುಖ್ಯವಾಗಿ ನಾಲ್ಕು. ಕಾರ್, ನರ್ಸ್, ಬರ್ಡ್ ಎನ್ನುವಾಗ ನಾನು ರಕಾರವನ್ನು ಹೇಳುತ್ತೇನೆ, ಅದನ್ನು ಹೇಳಬಾರದು. ನನ್ನ ಟಕಾರದಲ್ಲಿ ನಾಲಿಗೆ ಅಂಗುಳಿನತ್ತ ಮಡಚಿಕೊಳ್ಳುತ್ತದೆ, ಅದು ಹಲ್ಲಿನ ಬುಡದ ಹಿಂದೆಯೇ ನಿಲ್ಲಬೇಕು. ರಕ್ತನಾಳದ ವೇನ್‌ಗೂ ವಾರ್ಡ್‌ಗೂ ನಮ್ಮದು ಒಂದೇ ವಕಾರ. ಅವರಿಗೆ ಎರಡು ಬೇಕು, ಒಂದಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಗಿಸಬೇಕು, ಇನ್ನೊಂದಕ್ಕೆ ತುಟಿಗಳನ್ನು ದುಂಡಗೆ ಮಾಡಬೇಕು. ಈ ಮೂರನ್ನೂ ಒಪ್ಪಿಕೊಂಡೆ.

ನಾಲ್ಕನೆಯದು ಸ್ವರಗಳ ತಕರಾರು, ಅದನ್ನು ಇವತ್ತಿಗೂ ಒಪ್ಪಿಲ್ಲ. ನಮ್ಮ ಏ ಮತ್ತು ಓ ನೆಟ್ಟಗಿನ ಸ್ವರಗಳು. ಬಾಯಿ ತೆರೆದ ಆಕಾರದಲ್ಲೇ ನಿಂತು ಮುಗಿಯುತ್ತವೆ. ಆ್ಯಪ್‌ಗೆ ಬೇಕಾದ ಇಂಗ್ಲಿಷ್‌ನಲ್ಲಿ ಅವು ಜಾರುತ್ತವೆ. ಫೇಸ್ ಎಂಬುದು ಎಕಾರದಲ್ಲಿ ಹೊರಟು ಇಕಾರದ ಕಡೆಗೆ ಜಾರಬೇಕು. ಗೋಟ್ ಎಂಬುದು ಅಕಾರದಂಥ ಒಂದು ಸದ್ದಿನಿಂದ ಹೊರಟು ಉಕಾರಕ್ಕೆ ಜಾರಿ, ಹೆಚ್ಚುಕಡಿಮೆ ಗೌಟ್ ಆಗಬೇಕು. ನಾನು ಆಡು ಎನ್ನಲು ಹೊರಟರೆ ಅದು ನನ್ನಿಂದ ಕೀಲುಬಾವಿನ ಕಾಯಿಲೆಯ ಹೆಸರು ಹೇಳಿಸುತ್ತಿತ್ತು. ಹೋಮ್, ಬೋನ್, ಪೇನ್, ಡೇ ಎಲ್ಲದಕ್ಕೂ ಕೆಂಪು ಬಣ್ಣ. ಕೋಪ ಬಂದು ಒಂದು ರಾತ್ರಿ 'ಪೇನ್' ಎಂಬ ಒಂದೇ ಪದವನ್ನು 46 ಸಲ ಹೇಳಿದೆ. ಕೊನೆಯ ಸಲ 71 ಬಂತು.

ಪರೀಕ್ಷೆಯ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಒಇಟಿಯ ಮಾತಿನ ಭಾಗದಲ್ಲಿ ಎರಡು ಪಾತ್ರಾಭಿನಯಗಳಿರುತ್ತವೆ. ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು. ಅಲ್ಲಿ ನೋಡುವುದು ನಿಮ್ಮ ಮಾತು ಕೇಳುವವರಿಗೆ ತಿಳಿಯುತ್ತದೆಯೇ ಎಂಬುದನ್ನು. ನೀವು ಲಂಡನ್ನಿನವರಂತೆ ಮಾತಾಡುತ್ತೀರಾ ಎಂದು ಯಾರೂ ಅಳೆಯುವುದಿಲ್ಲ. ಆ್ಯಪ್ ಅಳೆಯುವುದು ಅದೊಂದನ್ನೇ. ನನಗೆ ಬೇಕಿದ್ದ ಬಿ ಶ್ರೇಣಿ ಬಂತು. ಅದರಲ್ಲಿ ಮೇಡಂ ಪಾಲು ಎಷ್ಟು, ಆ್ಯಪ್ ಪಾಲು ಎಷ್ಟು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮೇಡಂದು.

ಉಳಿದ ಎರಡು ಆ್ಯಪ್‌ನದು, ಅದನ್ನು ಕೊಡಲೇಬೇಕು. ಆ ಎರಡೂ ಒತ್ತಿನ ಪಾಠಕ್ಕೆ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಎಂಬ ಪಾಠಕ್ಕೆ ಸೇರಬೇಕಾದವು. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಪದದ ಅರ್ಥ ಕೆಡುವುದಿಲ್ಲ, ಇಂಗ್ಲಿಷ್‌ನಲ್ಲಿ ಜಾಗ ತಪ್ಪಿದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. ಹೋಟೆಲ್ ಎನ್ನುವಾಗ ನಾವು ಮೊದಲ ಅಕ್ಷರವನ್ನು ಒತ್ತುತ್ತೇವೆ, ಅವರು ಎರಡನೆಯದನ್ನು ಒತ್ತುತ್ತಾರೆ. ಅದು ಹೋಗಲಿ, ಹೋಟೆಲಿನಲ್ಲಿ ಊಟವಾದರೂ ಸಿಗುತ್ತದೆ. ಫಿಫ್ಟೀನ್ ಮತ್ತು ಫಿಫ್ಟಿ ಹಾಗಲ್ಲ. ಒಂದರಲ್ಲಿ ಒತ್ತು ಕೊನೆಗೆ, ಇನ್ನೊಂದರಲ್ಲಿ ಮೊದಲಿಗೆ. ನಾವು ಎರಡನ್ನೂ ಒಂದೇ ತೂಕದಲ್ಲಿ ಹೇಳಿ, ಕೊನೆಯ ನಕಾರವನ್ನೂ ಅವಸರದಲ್ಲಿ ನುಂಗಿದರೆ 15 ಮಿಲಿಗ್ರಾಂ ಹೋಗಿ 50 ಮಿಲಿಗ್ರಾಂ ಆಗುತ್ತದೆ. ಔಷಧದ ಪ್ರಮಾಣವನ್ನು ಬಾಯಲ್ಲಿ ಹೇಳುವಾಗ ಒಂದು, ಐದು ಎಂದು ಅಂಕಿಗಳನ್ನು ಬಿಡಿಸಿ ಹೇಳಬೇಕೆಂದು ನಮಗೆ ಕಲಿಸಿರುವುದು ಇದಕ್ಕಾಗಿಯೇ. ಆ್ಯಪ್‌ನಲ್ಲಿ ಈ ಜೋಡಿಪದಗಳ ಪಾಠ ಅಚ್ಚುಕಟ್ಟಾಗಿದೆ. ತರ್ಟೀನ್, ತರ್ಟಿಯಿಂದ ನೈಂಟೀನ್, ನೈಂಟಿಯವರೆಗೆ ಬೇರೆ ಬೇರೆ ದನಿಗಳಲ್ಲಿ ಕೇಳಿಸಿ ಯಾವುದು ಎಂದು ಪ್ರಶ್ನಿಸುತ್ತದೆ. ನೀವು ಉಚಿತ ಆವೃತ್ತಿಯಲ್ಲೇ ಇದ್ದರೂ ದಿನದ ಹತ್ತು ಪದಗಳನ್ನು ಇದಕ್ಕೇ ಖರ್ಚು ಮಾಡಿ.

ಇನ್ನು ಲೀಡ್ಸ್.

ಬಂದ ಮರುದಿನ ನಿಲ್ದಾಣದಲ್ಲಿ ಒಬ್ಬ ಅಜ್ಜ ನನ್ನ ಕಡೆ ತಿರುಗಿ, "ಬುಸ್" ಎಂದರು. ನಮ್ಮ ಕಡೆ ಬುಸ್ ಎನ್ನುವುದು ಹಾವು. ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಪಾಪ, ಬಸ್ಸು ಬಂತು ಹತ್ತು ಎನ್ನುತ್ತಿದ್ದರು. ವಾರ್ಡಿಗೆ ಹೋದರೆ ಎಲ್ಲರದೂ ಇದೇ. ಕಪ್ ಎಂಬುದು ಕುಪ್, ಬ್ಲಡ್ ಎಂಬುದು ಬ್ಲುಡ್, ಹೊಟ್ಟೆ ಟುಮ್ಮಿ, ಬೆಣ್ಣೆ ಬುಟ್ಟರ್. ನನ್ನನ್ನು ವಾತ್ಸಲ್ಯದಿಂದ ಲುವ್ ಎಂದು ಕರೆಯುತ್ತಿದ್ದರು. ಒಬ್ಬರು ತಮ್ಮ ಲುಂಗ್ಸ್ ಸರಿಯಿಲ್ಲ ಎಂದಾಗ ನನ್ನ ಕಣ್ಣು ತಡೆಯಲಾರದೆ ಅವರ ಸೊಂಟದ ಕಡೆ ಹೋಯಿತು. ಸೋಮವಾರಕ್ಕೆ ಇವರು ಹೇಳುವ ಪದವನ್ನು ನಾನಿಲ್ಲಿ ಬರೆಯುವುದಿಲ್ಲ. ಮಂಡೇ ಎಂಬುದರ ಮಕಾರಕ್ಕೆ ಕೊಂಬು ಹಚ್ಚಿ ನೀವೇ ಮನಸ್ಸಿನಲ್ಲಿ ಓದಿಕೊಳ್ಳಿ. ನನ್ನ ಅಜ್ಜಿಯ ಎದುರು ಯಾರಾದರೂ ಹಾಗಂದರೆ ಕೋಲು ಹುಡುಕುತ್ತಾಳೆ.

ಐದು ತಿಂಗಳ ಪಾಠದಲ್ಲಿ ಆ್ಯಪ್ ಒಂದೇ ಒಂದು ಸಲವೂ ಈ ಉಕಾರದ ಸುಳಿವು ಕೊಟ್ಟಿರಲಿಲ್ಲ. ಹಾಗೆಂದು ಇದು ಯಾವುದೋ ಮೂಲೆಯ ವಿಚಿತ್ರವೇನೂ ಅಲ್ಲ. ಲಿವರ್‌ಪೂಲ್, ಮ್ಯಾಂಚೆಸ್ಟರ್, ಶೆಫೀಲ್ಡ್, ನ್ಯೂಕ್ಯಾಸಲ್, ಹೀಗೆ ಉತ್ತರ ಇಂಗ್ಲೆಂಡಿನ ಉದ್ದಗಲಕ್ಕೂ ಉಂಟು. ಮೇಲಾಗಿ ಇದೇ ಹಳೆಯ ರೂಪ. ಹಿಂದೆ ಇಂಗ್ಲೆಂಡಿನಲ್ಲೆಲ್ಲ ಕಪ್ ಮತ್ತು ಪುಟ್ ಎರಡರಲ್ಲೂ ಒಂದೇ ಸ್ವರವಿತ್ತು. 17ನೆಯ ಶತಮಾನದ ಸುಮಾರಿಗೆ ದಕ್ಷಿಣದವರ ಬಾಯಲ್ಲಿ ಅದು ಒಡೆದು ಎರಡಾಯಿತು, ಉತ್ತರದವರು ಇದ್ದುದನ್ನೇ ಉಳಿಸಿಕೊಂಡರು. ಬಾತ್, ಗ್ರಾಸ್, ಲಾಸ್ಟ್ ಎಂದು ಎಳೆಯುವುದು ಕೂಡ ದಕ್ಷಿಣದಲ್ಲಿ ಆಮೇಲೆ ಬಂದದ್ದು. ಇಲ್ಲಿ ಅವೆಲ್ಲ ಗಿಡ್ಡ, ಬತ್, ಗ್ರಸ್, ಲಸ್ಟ್ ಎಂಬಂತೆ ಕೇಳಿಸುತ್ತವೆ. ಹೀಗೆ ನಾನು ಶಾಲೆಯಲ್ಲಿ ಕಲಿತ ಬಸ್ಸೂ ಬಾತ್‌ರೂಮೂ ಎರಡೂ ದಕ್ಷಿಣದವರ ಪಾಲಿನವು.

ಆದರೆ ಏ, ಓ ಇವೆಯಲ್ಲ!

ಬಂದ ಎರಡನೆಯ ವಾರ, 80 ದಾಟಿದ ಅಜ್ಜಿಯೊಬ್ಬರು ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಮನೆಗೆ ಅವರು ಹೇಳಿದ್ದು ಹೋಮ್. ಜಾರಲಿಲ್ಲ, ಗೌ ಆಗಲಿಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ಕೇಳಬಹುದಾದಂಥ ನೆಟ್ಟಗಿನ, ದೀರ್ಘ ಓಕಾರ. ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ಫೇಸ್, ಡೇ, ಪೇನ್, ಬೋನ್, ಎಲ್ಲವೂ ನಮ್ಮ ಏ, ನಮ್ಮ ಓ. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ವೈದ್ಯರೊಬ್ಬರಿದ್ದಾರೆ. ಅವರದೂ ಹಾಗೆಯೇ, ಅದರ ಮೇಲೆ ಕಾರ್, ನರ್ಸ್ ಎನ್ನುವಾಗ ರಕಾರವನ್ನು ನಮ್ಮ ಹಾಗೆಯೇ ಸ್ಪಷ್ಟವಾಗಿ ಹೇಳುತ್ತಾರೆ. ಬೆಂಗಳೂರಿನಲ್ಲಿ ಫ್ಯಾನ್ ಆರಿಸಿಕೊಂಡು 46 ಸಲ ಹೇಳಿ ಕೆಡಿಸಿಕೊಂಡ 'ಪೇನ್' ಎಂಬ ಪದವನ್ನು ಇಲ್ಲಿ ರೋಗಿಗಳು ದಿನವೂ ನನ್ನ ಹಳೆಯ ಬಾಯಲ್ಲೇ ಹೇಳುತ್ತಿದ್ದರು. ನಾನು ಜಾರಿಸಿ ಹೇಳಿದಾಗ ಅದೇ ಅಜ್ಜಿ, ಎಲ್ಲಿಂದ ಕಲಿತೆ ಈ ದೊಡ್ಡವರ ಮಾತು ಎಂದು ನಕ್ಕರು.

ಈ ನಗು ಇಲ್ಲಿ ಹೊಸದಲ್ಲ. 1941ರಲ್ಲಿ ಬಿಬಿಸಿ ದೇಶಕ್ಕೆಲ್ಲ ರೇಡಿಯೊ ಸುದ್ದಿ ಓದಲು ಹ್ಯಾಲಿಫ್ಯಾಕ್ಸ್‌ನ ವಿಲ್‌ಫ್ರೆಡ್ ಪಿಕಲ್ಸ್ ಎಂಬ ನಟನನ್ನು ಕೂರಿಸಿತಂತೆ. ಹ್ಯಾಲಿಫ್ಯಾಕ್ಸ್ ಲೀಡ್ಸ್‌ಗೆ ಹತ್ತಿರದ ಊರು. ಯಾರ್ಕ್‌ಷೈರಿನ ಉಚ್ಚಾರಣೆಯಲ್ಲಿ ಸುದ್ದಿ ಕೇಳಿ ಎಷ್ಟೋ ಜನ ಮುಖ ಸಿಂಡರಿಸಿದರು, ಇಂಥ ಬಾಯಲ್ಲಿ ಬಂದರೆ ಸುದ್ದಿಯನ್ನು ನಂಬುವುದು ಹೇಗೆ ಎಂದು ದೂರಿದರು. ವಾರ್ಡಿನ ಹಿರಿಯರು ಅವರ ಹೆಸರನ್ನು ಇವತ್ತಿಗೂ ನಮ್ಮವನು ಎಂಬ ಧಾಟಿಯಲ್ಲಿ ಹೇಳುತ್ತಾರೆ. ಇದೇ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದಲ್ಲಿ 1950ರಿಂದ 1961ರವರೆಗೆ ಇಂಗ್ಲೆಂಡಿನ 313 ಊರುಗಳ ಆಡುಮಾತಿನ ಸಮೀಕ್ಷೆ ನಡೆಯಿತು. ಹೆಚ್ಚಿನವು ಹಳ್ಳಿಗಳು, ಮಾತಾಡಿದವರು ಹೆಚ್ಚಾಗಿ ಮುದುಕರು, ಪ್ರಶ್ನೆಗಳು 1,300ಕ್ಕೂ ಮೇಲೆ. ಆ ಸಮೀಕ್ಷೆಯ ರೀತಿ ನನಗೆ ಬಹಳ ಹಿಡಿಸಿತು. ಕೇಳುವವರು ತಮಗೆ ಬೇಕಾದ ಪದವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ವಸ್ತುವನ್ನು ವರ್ಣಿಸಿ ಇದಕ್ಕೆ ನೀವು ಏನನ್ನುತ್ತೀರಿ ಎಂದು ಕೇಳುತ್ತಿದ್ದರು. ನನ್ನ ಆ್ಯಪ್‌ನದು ಇದರ ತಲೆಕೆಳಗು. ಅದೇ ಹೇಳುತ್ತದೆ, ಅದೇ ಕೇಳಿಸಿಕೊಳ್ಳುತ್ತದೆ, ಅದೇ ಅಂಕ ಹಾಕುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೊಂದು ಕಿಡಿಗೇಡಿ ಯೋಚನೆ ಬಂತು. ವಾರ್ಡಿನಲ್ಲಿ ನಮಗೆ ಸಹಾಯಕರಾಗಿ ಕೆಲಸ ಮಾಡುವ ಒಬ್ಬ ಮಹಿಳೆ ಇದ್ದಾರೆ. ಐವತ್ತು ದಾಟಿದವರು, ಲೀಡ್ಸ್‌ನಲ್ಲೇ ಹುಟ್ಟಿ ಬೆಳೆದವರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯದವರು. ರಾತ್ರಿ ಪಾಳಿಯ ವಿರಾಮದಲ್ಲಿ ಅವರ ಕೈಗೆ ಫೋನ್ ಕೊಟ್ಟು ಹತ್ತು ಪದ ಹೇಳಿಸಿದೆ. ಬಸ್, ಕಪ್, ಬ್ಲಡ್, ಬಾತ್, ಗ್ರಾಸ್, ಫೇಸ್, ಗೋಟ್, ವಾಟರ್, ಹಾಸ್ಪಿಟಲ್, ಮಂಡೇ. ವಾಟರ್ ಎನ್ನುವಾಗ ಅವರು ಟಕಾರವನ್ನು ಹೇಳುವುದೇ ಇಲ್ಲ, ಆ ಜಾಗದಲ್ಲಿ ಗಂಟಲನ್ನು ಒಂದು ಕ್ಷಣ ಮುಚ್ಚಿ ಬಿಡುತ್ತಾರೆ, ಬಿಕ್ಕಳಿಕೆ ಅರ್ಧಕ್ಕೆ ನಿಂತ ಹಾಗೆ. ಅದಕ್ಕೆ 22 ಅಂಕ ಬಂತು. ಹತ್ತು ಪದಗಳ ಸರಾಸರಿ 61. ಅದೇ ಪದಗಳಿಗೆ ನನ್ನದು 88. ಮುಗಿದ ಕೂಡಲೇ ತೆರೆಯ ಮೇಲೆ ಒಂದು ಕಿಟಕಿ ತೆರೆದು, ನಿಮ್ಮ ಮಾತೃಭಾಷೆ ಯಾವುದೆಂದು ತಿಳಿಸಿದರೆ ಪಾಠಗಳನ್ನು ನಿಮಗೆ ತಕ್ಕಂತೆ ಹೊಂದಿಸುತ್ತೇವೆ ಎಂದು ಕೇಳಿತು. ಅವರು ಅದನ್ನು ಎರಡು ಸಲ ಓದಿದರು. ಬಳಿಕ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಹೇಳಿದ ಮಾತಿಗೆ ಆ್ಯಪ್ ಎಷ್ಟು ಅಂಕ ಕೊಡುತ್ತಿತ್ತೋ, ನಾನು ಕಸಿದುಕೊಂಡುಬಿಟ್ಟೆ.

ಹಾಸ್ಪಿಟಲ್ ಪದದಲ್ಲಿ ಅವರಿಗೆ ಅಂಕ ಹೋದದ್ದು ಹಕಾರ ಬಿಟ್ಟದ್ದಕ್ಕೆ. ಅವರು ಆಸ್ಪಿಟಲ್ ಅನ್ನುತ್ತಾರೆ. ಇಲ್ಲಿನ ಎಷ್ಟೋ ಹಿರಿಯರೂ ಹಾಗೆಯೇ, ಲಂಡನ್ನಿನ ಪೂರ್ವ ಭಾಗದವರಂತೂ ಅದಕ್ಕೇ ಹೆಸರಾದವರು. ನನಗೆ ನನ್ನ ಅಜ್ಜಿಯ ನೆನಪಾಯಿತು. ಅವಳಿಗೆ ಹಾಲು ಆಲು, ಹೋಟೆಲು ಓಟ್ಲು, ನಾನು ಕೆಲಸ ಮಾಡುವ ಜಾಗ ಮೊದಲಿನಿಂದಲೂ ಆಸ್ಪತ್ರೆ. ಮಂಡ್ಯ, ಹಾಸನ, ಮೈಸೂರಿನ ಹಳ್ಳಿಗಳಲ್ಲಿ ಹಕಾರ ಬಿದ್ದುಹೋಗುವುದನ್ನು ಬೆಂಗಳೂರಿನಲ್ಲಿ ಅನುಕರಿಸಿ ನಗುವವರನ್ನು ಕಂಡಿದ್ದೇನೆ. ಹಳಗನ್ನಡದಲ್ಲಿ ಪಾಲ್ ಇದ್ದದ್ದು ಹಾಲಾದಾಗ ಪಕಾರ ಹೋಗಿ ಹಕಾರ ಬಂತು. ಅಜ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟಿದ್ದಾಳೆ, ಅಷ್ಟೆ. ನಮ್ಮ ಸಹಾಯಕ ಮಹಿಳೆಗೆ ಈ ಸಂಗತಿ ಹೇಳಿದೆ. ಅಜ್ಜಿಯ ಫೋಟೊ ತೋರಿಸು ಎಂದರು.

ಒಂದೇ ಪದ ಊರೂರಿಗೆ ಬೇರೆ ಬಾಯಿ ಪಡೆಯುವುದನ್ನು ನೋಡಲು ಇಂಗ್ಲೆಂಡಿಗೇ ಬರಬೇಕಾಗಿಲ್ಲ, ನನ್ನ ಈಗಿನ ಮನೆಯ ಅಡುಗೆಮನೆ ಸಾಕು. ನಾವು ಮೂವರು ನರ್ಸ್‌ಗಳು ಸೇರಿ ಬಾಡಿಗೆಗೆ ಇದ್ದೇವೆ. ಕೋಟ್ಟಯಂನವಳು ಡೋಕ್ಟರ್, ಓಫೀಸ್, ಕೋಳೇಜ್, ಲೋರಿ ಎನ್ನುತ್ತಾಳೆ. ನಾನು ಡಾಕ್ಟರ್, ಆಫೀಸು, ಕಾಲೇಜು, ಲಾರಿ ಎನ್ನುತ್ತೇನೆ. ಇಂಗ್ಲಿಷ್‌ನ ಆ ಸ್ವರ ಆ ಮತ್ತು ಓ ನಡುವೆ ಎಲ್ಲೋ ಇದೆ. ಮಲಯಾಳದವರು ಅದನ್ನು ಒಂದು ಕಡೆಗೆ ಎಳೆದುಕೊಂಡರು, ನಾವು ಇನ್ನೊಂದು ಕಡೆಗೆ. ಮೂರನೆಯವಳು ಪಂಜಾಬಿನವಳು, ಅವಳಿಗೆ ಶಾಲೆ ಎಂದರೆ ಸಕೂಲ್. ನನ್ನ ಅಜ್ಜಿಗೆ ಇಸ್ಕೂಲು. ಆರಂಭದ ಒತ್ತಕ್ಷರ ಇಬ್ಬರಿಗೂ ಆಗದು. ಪಂಜಾಬಿನವಳು ನಡುವೆ ಅಕಾರ ಸಿಕ್ಕಿಸಿದರೆ ಅಜ್ಜಿ ಮುಂದೆ ಇಕಾರ ಕಟ್ಟುತ್ತಾಳೆ. ನನ್ನ ಪದಗಳ ಕೊನೆಗೆ ಉಕಾರ ಅಂಟಿಕೊಳ್ಳುವುದನ್ನು, ಬಸ್ಸು, ಕಾರು, ಬಲ್ಬು ಎನ್ನುವುದನ್ನು ಇಬ್ಬರೂ ಸೇರಿ ಗೇಲಿ ಮಾಡುತ್ತಾರೆ.

ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಹಲ್ ಎಂಬ ಬಂದರು ಊರಿನವರನ್ನು ಲೀಡ್ಸ್‌ನವರು ಆಡಿಕೊಳ್ಳುವುದೂ ಇದೇ ಧಾಟಿಯಲ್ಲಿ. ಅಲ್ಲಿನವರ ಓಕಾರ ಬೇರೆಯೇ. ಅವರು ಫೋನ್ ಕಾಲ್ ಎಂದರೆ ಜರೀಗಿಡ ಕರೆದಂತೆ ಫರ್ನ್ ಕಾಲ್ ಎಂದು ಕೇಳಿಸುತ್ತದಂತೆ. ಅದೇ ಯಾರ್ಕ್‌ಷೈರ್, ಅದೇ ಸೀಮೆ.

ಪದಗಳ ಅರ್ಥವೇ ಬೇರೆಯಾಗುವ ಸಂಗತಿಯನ್ನು ಆ್ಯಪ್‌ನಿಂದ ನಿರೀಕ್ಷಿಸುವುದು ಅನ್ಯಾಯ. ಆದರೂ ಬರುವವರಿಗೆ ಉಪಯೋಗವಾಗಲಿ. ಇಲ್ಲಿ ಎಷ್ಟೋ ಹಿರಿಯರಿಗೆ ಡಿನ್ನರ್ ಎಂದರೆ ಮಧ್ಯಾಹ್ನದ ಊಟ, ಟೀ ಎಂದರೆ ಸಂಜೆಯ ಊಟ. ಟೀ ಆದ ಮೇಲೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದವರಿಗೆ ನಾನು ಬಿಸಿ ಬಿಸಿ ಚಹಾ ತಂದುಕೊಟ್ಟು ಮಾತ್ರೆಯನ್ನೂ ಮುಂದೆ ಹಿಡಿದಿದ್ದೇನೆ. ವೈಲ್ ಎಂಬ ಪದವನ್ನು ಇವರು 'ತನಕ' ಎಂಬ ಅರ್ಥದಲ್ಲಿ ಬಳಸುತ್ತಾರೆ. ಒಂಬತ್ತರಿಂದ ಐದರ ತನಕ ಎನ್ನಲು ನೈನ್ ವೈಲ್ ಫೈವ್. ಟೀಕೇಕ್ ಎಂದರೆ ಸಿಹಿಯೇ ಇರುತ್ತದೆಂದು ಕೊಳ್ಳಬೇಡಿ, ಇಲ್ಲಿ ಅದು ಬರೀ ದುಂಡನೆಯ ಬನ್ನು.

ಚಂದಾ ಕಥೆ ಉಳಿಯಿತು. ಮೊದಲ ವರ್ಷ ಮುಗಿದ ದಿನ ನನ್ನ ಕಾರ್ಡಿನಿಂದ ಮತ್ತೆ 4,800 ರೂಪಾಯಿ ಹೋಯಿತು. ತಾನಾಗಿಯೇ ನವೀಕರಣವಾಗುತ್ತದೆ ಎಂದು ಷರತ್ತುಗಳ ಕೆಳಗೆಲ್ಲೋ ಬರೆದಿತ್ತಂತೆ. ದೂರು ಕಳಿಸಿದೆ. ಮೂರು ದಿನದ ಮೇಲೆ ಬಂದ ಉತ್ತರದಲ್ಲಿ ಹಣದ ಮಾತೇ ಇರಲಿಲ್ಲ, ನಿಮ್ಮ ಕಲಿಕೆಯ ಪ್ರಯಾಣಕ್ಕೆ ಶುಭಾಶಯ ಎಂದಿತ್ತು. ಕೊಳ್ಳುವವರು ಕೊಂಡ ದಿನವೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ನವೀಕರಣ ನಿಲ್ಲಿಸಿಬಿಡಿ, ಆ ದಿನವೇ ಅಮೆರಿಕವನ್ನೂ ತೆಗೆದುಬಿಡಿ.

ನನ್ನನ್ನು ಕೇಳಿದರೆ ಒಂದು ತಿಂಗಳ ಚಂದಾ ಸಾಕು. ಒತ್ತಿನ ಪಾಠ, ಎರಡು ವಕಾರಗಳ ಪಾಠ, ಹದಿನೈದು-ಐವತ್ತರ ಪಾಠ ಮುಗಿಸಿ ಹೊರಬನ್ನಿ. ಸ್ವರಗಳ ಪಾಠವನ್ನು ಮುಟ್ಟಬೇಡಿ. ನಿಮ್ಮನ್ನು ಯಾವ ಊರಿಗೆ ಹಾಕುತ್ತಾರೆಂದು ನಿಮಗೂ ಗೊತ್ತಿಲ್ಲ, ಆ್ಯಪ್‌ಗೂ ಗೊತ್ತಿಲ್ಲ. ಊರಿನ ಹೆಸರು ತಿಳಿದ ಮೇಲೆ ಅಲ್ಲಿನ ಸ್ಥಳೀಯ ರೇಡಿಯೊವನ್ನು ಮೊಬೈಲ್‌ನಲ್ಲಿ ಹಾಕಿಕೊಂಡು ಅಡುಗೆ ಮಾಡಿ. ಅದಕ್ಕೆ ದುಡ್ಡಿಲ್ಲ, ಫ್ಯಾನ್ ಆರಿಸಬೇಕಾಗಿಯೂ ಇಲ್ಲ.

ಎರಡನೆಯ ವರ್ಷದ ಚಂದಾ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ. ನಾನು ಆ್ಯಪ್ ತೆರೆಯುವುದನ್ನು ಬಿಟ್ಟಿದ್ದೇನೆ. ಆದರೆ ನಮ್ಮ ಸಹಾಯಕ ಮಹಿಳೆ ಬಿಟ್ಟಿಲ್ಲ. ಹುಟ್ಟಿದ ಭಾಷೆಯಲ್ಲಿ 61 ಎನ್ನಿಸಿಕೊಂಡು ಸಾಯುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ವಿರಾಮ ಬಂದಾಗಲೆಲ್ಲ ನನ್ನ ಫೋನ್ ಎತ್ತಿಕೊಂಡು ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ನಿಂತರೆ ಬುಸ್, ಬುಸ್, ಬುಸ್ ಎಂದು ಕೇಳಿಸುತ್ತದೆ. ಮೊನ್ನೆ ರಾತ್ರಿ 64ಕ್ಕೆ ಬಂದಿದ್ದರು.